ಮೂರು ಊರು ತಿರುಗಿದ ಎಮ್ಮೆ

ಮಕ್ಕಳ ಮುಂದೆ ಬಣ್ಣದ ಡಬ್ಬಿ ತೆರೆದ ಮೇಲೆ ನಾವು ಅಂದುಕೊಂಡದ್ದು ಯಾವತ್ತೂ ಆಗುವುದಿಲ್ಲ. ನಾನು ಚಿತ್ರ ಬರೆಯುವವನು. ಹೀಗೆ ಬರವಣಿಗೆ ಮಾಡುತ್ತಿರುವುದು ಇದೇ ಮೊದಲು, ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ, ಬೇಸರಿಸಬೇಡಿ.

ಎಂಬತ್ತರ ದಶಕದ ಕೊನೆ. ಕಾಲುವೆ ದಾಟುವ ಎಮ್ಮೆಯ ಕಥೆಗೆ ಚಿತ್ರ ಬರೆದಿದ್ದೆ. ಮಕ್ಕಳಿಗಾಗಿ ನಾನು ಮಾಡಿದ ಮೊದಲ ಪುಸ್ತಕ. ಪ್ರಕಾಶಕರು, "ಮಕ್ಕಳಿಗೆ ತೋರಿಸಿ. ಅವರು ಒಪ್ಪಿದರೆ ಅಚ್ಚು, ಇಲ್ಲದಿದ್ದರೆ ಇಲ್ಲ" ಎಂದುಬಿಟ್ಟರು. ಹಾಗಾಗಿ ಮೂರು ಊರಿನ ಶಾಲೆಗಳಲ್ಲಿ ಚಿತ್ರ ಕಮ್ಮಟ ಇಟ್ಟುಕೊಂಡೆ. ಕಮ್ಮಟ ಎಂದರೆ ನಾನು ಬರೆದು ತೋರಿಸುವುದಷ್ಟೇ ಅಲ್ಲ, ಮಕ್ಕಳೂ ನನ್ನ ಜೊತೆ ಬರೆಯಬೇಕು.

೧. ಸಿಂಧನೂರು

ಮೊದಲ ಚಿತ್ರ ಗೋಡೆಗೆ ಹಚ್ಚಿದೆ. ನೀರಿನಲ್ಲಿ ಎಮ್ಮೆ, ಮೈ ಮುಳುಗಿದೆ, ತಲೆ ಮಾತ್ರ ಕಾಣುತ್ತದೆ. "ಏನಿದು?" ಎಂದೆ.

ಒಬ್ಬ ಹುಡುಗಿ ಎದ್ದು, "ಎಮ್ಮಿ ಸತ್ತೈತ್ರಿ ಸರ್" ಎಂದಳು.

"ಇಲ್ಲವ್ವ, ಈಜಾಕತ್ತೈತಿ."

"ಈಜೋ ಎಮ್ಮಿ ಮೂಗು ಮ್ಯಾಲೆ ಎತ್ತಿರತೈತ್ರಿ. ಇದರ ಮೂಗು ನೀರಾಗ ಐತಿ. ಉಸುರು ಹೆಂಗ ಆಡ್ತೈತ್ರಿ?"

ಅಲ್ಲೇ ಅಳಿಸಿ ಮೂಗನ್ನು ಎರಡು ಬೆರಳು ಮೇಲಕ್ಕೆ ತಂದೆ. ಹುಡುಗಿ ಮತ್ತೆ ನೋಡಿ, "ಈಗ ಜೀವ ಐತ್ರಿ. ಆದ್ರ ಭಾಳ ಹೊತ್ತು ಉಳಿಯಂಗಿಲ್ಲ ಬಿಡ್ರಿ" ಎಂದಳು.

೨. ಲಿಂಗಸುಗೂರು

ಹೊಸದಾಗಿ, ದಂಡೆಯ ಮೇಲೆ ನಿಂತ ಎಮ್ಮೆಯನ್ನು ಬರೆದೆ. ಮಕ್ಕಳೂ ಬರೆದರು. ಎಲ್ಲರ ಹಾಳೆಗಳನ್ನು ಒಣಗಲು ವರಾಂಡದಲ್ಲಿ ಹರಡಿ ಚಹಾ ಕುಡಿಯಲು ಹೋದೆ. ಬರುವಷ್ಟರಲ್ಲಿ ಗಣಿತದ ಮಾಸ್ತರರು ಕೆಂಪು ಪೆನ್ನು ಹಿಡಿದು ಎಲ್ಲಕ್ಕೂ ಮಾರ್ಕ್ಸ್ ಹಾಕಿದ್ದರು. ನನ್ನ ಎಮ್ಮೆಯ ಹೊಟ್ಟೆಯ ಮೇಲೆ ಹತ್ತಕ್ಕೆ ಮೂರು.

"ಸರ್, ಇದು ನಾನು ಬರೆದದ್ದು" ಎಂದೆ.

ಅವರಿಗೆ ಬಹಳ ನಾಚಿಕೆಯಾಯಿತು. "ಮೊದಲ ಹೇಳಬಾರದೇನ್ರಿ?" ಎಂದು ಮೂರನ್ನು ಹೊಡೆದು ನಾಲ್ಕು ಮಾಡಿದರು. "ಇದಕ್ಕಿಂತ ಹೆಚ್ಚಿಗಿ ಕೊಟ್ರ ಹುಡುಗರಿಗೆ ಅನ್ಯಾಯ ಆಕೈತ್ರಿ."

೩. ಮಸ್ಕಿ

ಉಳಿದದ್ದು ಇದೊಂದೇ ಊರು. ಇಲ್ಲೂ ಮಕ್ಕಳು ಒಪ್ಪದಿದ್ದರೆ ಪುಸ್ತಕ ಮುಗಿದಂತೆ. ಅದಕ್ಕೇ ನಿಜವಾದ ಎಮ್ಮೆಯನ್ನೇ ತರಿಸಿದೆ. ಹಾಲು ಮಾರುವ ಅಜ್ಜಿಯೊಬ್ಬಳು ತನ್ನದನ್ನು ಶಾಲೆಯ ಬೇವಿನ ಗಿಡಕ್ಕೆ ಕಟ್ಟಿ ಹೋದಳು. ನೋಡಿ ಬರೆಯಿರಿ ಎಂದೆ. ಅರ್ಧ ಮಕ್ಕಳಿಗೇ ಹಾಳೆ ಮುಗಿಯಿತು. ತರಲು ಅಂಗಡಿಗೆ ಹೋದೆ.

ಕಾರಹುಣ್ಣಿಮೆಗೆ ಈ ಕಡೆ ಎತ್ತುಗಳ ಮೈಗೆ ಬಣ್ಣ ಹಚ್ಚುತ್ತಾರೆ. ಅದು ಮಕ್ಕಳಿಗೆ ಗೊತ್ತು, ನನಗೆ ಹೊಳೆಯಲಿಲ್ಲ. ತಿರುಗಿ ಬಂದರೆ ಎಮ್ಮೆಯ ಒಂದು ಬದಿಗೆ ಕೆಂಪು ಬಸ್ಸು, ಇನ್ನೊಂದು ಬದಿಗೆ ಹಳದಿ ಹೂವು. ಎಮ್ಮೆ ಮೆಲುಕು ಹಾಕುತ್ತ ನಿಂತಿತ್ತು.

ಅಷ್ಟರಲ್ಲಿ ಅಜ್ಜಿ ಬಂದಳು. "ನನ್ನ ಎಮ್ಮಿ ಎಲ್ಲೈತೋ ಯಪ್ಪಾ?"

ಕೈ ಮಾಡಿ ತೋರಿಸಿದೆ. ಅವಳು ಎರಡು ಸುತ್ತು ಹಾಕಿ ನೋಡಿದಳು. "ಚಂದ ಐತಿ. ನೀ ಬರ್ದಿಯೇನು?"

"ಇಲ್ಲಬೇ, ಹುಡುಗರು."

"ಮತ್ತ ನೀ ಏನು ಮಾಡಾಕ ಬಂದೀ?"

ಒಂದು ಹಾಳೆ ತೆಗೆದುಕೊಂಡೆ. ಕೂತು, ಬಸ್ಸಿನ ಸಮೇತ ಎಮ್ಮೆಯನ್ನು ಬರೆದೆ. ಮುಗಿಯುವ ಮೊದಲೇ ಮಕ್ಕಳೆಲ್ಲ ಮೇಲೆ ಬಿದ್ದು, "ನಮ್ಮ ಎಮ್ಮಿ! ನಮ್ಮ ಎಮ್ಮಿ!" ಎಂದು ಕೂಗಿದರು. ಅಂತೂ ಒಪ್ಪಿದರು.

ಅಜ್ಜಿ ಹಾಳೆ ಇಸಿದುಕೊಂಡು ನೋಡಿದಳು. ಆಮೇಲೆ ತಿರುವಿ ಹಿಂಬದಿ ನೋಡಿದಳು. "ಹೂವು ಎಲ್ಲಿ ಹೋದ್ವು?"

ಚಿತ್ರಕ್ಕೆ ಒಂದೇ ಬದಿ ಇರುತ್ತದೆ ಎಂದು ವಿವರಿಸಿದೆ.

"ನನ್ನ ಎಮ್ಮಿಗೆ ಎರಡು ಅದಾವ" ಎಂದಳು.

ಹಿಂಬದಿಗೂ ಬರೆದೆ. ಪ್ರಕಾಶಕರು ಆ ಹಾಳೆಯನ್ನು ಹಾಗೆಯೇ ಅಚ್ಚು ಹಾಕಿದರು.