ಗಾಲಿ ಮನೆಯ ಪ್ರಸ್ಥಾನ

ಗೌರಮ್ಮ ಚಪಾತಿ ಲಟ್ಟಿಸುತ್ತಿದ್ದಳು. ಇದೊಂದು ಮುಗಿದರೆ ಎರಡು ದಿನ ಒಲೆಯ ಮುಖ ನೋಡಬೇಕಿರಲಿಲ್ಲ. ಗಂಡ ಬೈರಣ್ಣ ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿ ಮನೆ ಕೊಂಡಿದ್ದ, ಕೆರೆ ದಂಡೆಯಲ್ಲಿ ಕ್ಯಾಂಪಿಂಗ್ ಮಾಡಲು. "ಅಲ್ಲಿ ನೀನು ಸುಮ್ನೆ ಕೂತಿರು, ಊಟ ಹೋಟ್ಲಿಂದ ತರಿಸ್ತೀನಿ" ಎಂದಿದ್ದ. ಮದುವೆಯಾದಾಗಿನಿಂದ ಅವಳು ಕೇಳಿದ ಅತಿ ಮಧುರವಾದ ಮಾತು ಅದೇ.

ಎದುರು ಮನೆಯ ಅನಂತಪದ್ಮನಾಭ ಫೋನ್ ಹಿಡಿದೇ ಬಂದರು. "ಬೈರಣ್ಣನವರೇ, ಸಂಜೆ ಬಿರುಗಾಳಿಯಂತೆ. ಕೆರೆ ಹತ್ರ ಈ ತಗಡಿನ ಡಬ್ಬ ನಿಲ್ಲಲ್ಲ."

"ಜೋಯಿಸರು ಗಳಿಗೆ ಇಟ್ಕೊಟ್ಟಿದ್ದಾರೆ ಸಾರ್, ರಾಹುಕಾಲಕ್ಕೆ ಮುಂಚೆ ಹೊರಡ್ಲೇಬೇಕು."

"ಹಾಗಿದ್ರೆ ಪ್ರಸ್ಥಾನ ಮಾಡಿಬಿಡಿ."

ಒಳ್ಳೆಯ ಗಳಿಗೆಯಲ್ಲಿ ಗಂಟುಮೂಟೆಯನ್ನು ಪಕ್ಕದಲ್ಲೆಲ್ಲೋ ಇಟ್ಟುಬಂದರೂ ಪ್ರಯಾಣ ಹೊರಟಂತೆಯೇ ಲೆಕ್ಕ. ಬೈರಣ್ಣ ಮನೆಗೆ ಬೀಗ ಹಾಕಿಸಿ, ಗಂಟಿನ ಬದಲು ಗಾಲಿ ಮನೆಯನ್ನೇ ಹೆಂಡತಿ ಸಮೇತ ಪಕ್ಕದ ಖಾಲಿ ಸೈಟಿಗೆ ಎಳೆದು ನಿಲ್ಲಿಸಿದ. ಜೆ.ಪಿ. ನಗರದ ಆ ಬೀದಿಯೆಲ್ಲ ಬಾಲ್ಕನಿಗೆ ಬಂತು.

"ಮರದ ಕೆಳಗೆ ಬೇಡ ಅಣ್ಣ" ಎಂದರು ಒಬ್ಬರು. "ಗಾಡಿ ಬಾಗಿಲ ಮುಂದಿನ ಆ ಬಟ್ಟೆ ಚಪ್ಪರ ಮಡಚಿಬಿಡಿ, ಚಕ್ರಕ್ಕೆ ಕಲ್ಲು ಕೊಡಿ" ಎಂದರು ಮಹಡಿ ಮನೆಯ ಸಿದ್ದಗಂಗಮ್ಮ. ಬೈರಣ್ಣ ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು ಕೈಮುಗಿದ.

ಸಂಜೆ ಗಾಳಿ ಹೇಳಿದಂತೆಯೇ ಬಂತು. ಚಪ್ಪರ ಹಾರಿ ಸಿದ್ದಗಂಗಮ್ಮನ ಮಹಡಿಯ ಮೇಲೆ ಕೂತಿತು. ಗಾಲಿ ಮನೆ ಹೆಣ್ಣು ನೋಡಲು ಬಂದ ಗಂಡಿನ ಮೊಣಕಾಲಿನಂತೆ ನಡುಗತೊಡಗಿತು.

"ರೀ, ನಮ್ಮನೆ ಇಲ್ಲೇ ಇದೆ, ಹೋಗೋಣ ಬನ್ನಿ."

"ಹುಚ್ಚಾ ನಿಂಗೆ? ಹೊರಟ ಮೇಲೆ ಪ್ರಯಾಣ ಮುಗಿಸ್ದೆ ನಾನು ನಮ್ಮ ಹೊಸಲು ದಾಟಲ್ಲ."

ತಿರುಚಿಕೊಂಡ ಕೊಡೆ ಹಿಡಿದು ಅನಂತಪದ್ಮನಾಭರೇ ಓಡಿಬಂದರು. "ಇಂಥ ಗಾಳೀಲಿ ಡಬ್ಬದೊಳಗೆ ಇರ್ಬಾರ್ದು, ಗಟ್ಟಿ ಕಟ್ಟಡಕ್ಕೆ ಬರ್ಬೇಕು. ನಮ್ಮನೆ ಹೊಸಲಿಗೆ ದೋಷ ಇಲ್ವಲ್ಲ?"

ಎಂಥ ಒಳ್ಳೆಯ ಮನುಷ್ಯ ಎಂದುಕೊಳ್ಳುತ್ತ ಗೌರಮ್ಮ ಅವರ ಮನೆಯಲ್ಲಿ ತಲೆ ಒರೆಸಿಕೊಂಡಳು. ಅವರು ಕೆಮ್ಮಿದರು.

"ನಮ್ಮನೆಯವಳು ಮಗಳ ಮನೆಗೆ ಹೋಗಿದ್ದಾಳೆ. ಬ್ರೆಡ್ ತಿಂದು ತಿಂದು ನಾಲಿಗೆ ಕೆಟ್ಟುಹೋಗಿದೆ. ಚಪಾತಿ ತಂದಿದ್ದೀರಲ್ಲ, ಜೊತೆಗೆ ಒಂದು ಪಲ್ಯ, ಅನ್ನ, ಸಾರು... ಅಡುಗೆಮನೆ ಆ ಕಡೆ."

"ಮಾಡ್ತಾಳೆ ಬಿಡಿ ಸಾರ್. ಸುಮ್ನೆ ಕೂತು ಏನು ಮಾಡ್ತಾಳೆ" ಎಂದ ಬೈರಣ್ಣ.

ಚಪ್ಪರ ಕೊಡಲು ಬಂದ ಸಿದ್ದಗಂಗಮ್ಮನೂ ಊಟಕ್ಕೆ ಕೂತರು.

"ಗಾಳಿ ಪೂರ್ತಿ ನಿಲ್ಲೋ ತನಕ ಇಲ್ಲೇ ಕ್ಯಾಂಪ್" ಎಂದು ಬೈರಣ್ಣ ಕಾಲು ಚಾಚಿದ. "ಕೆರೆ ನೋಡಿ ಬರೋವರೆಗೂ ನಮ್ಮನೆ ಕಡೆ ತಲೆನೂ ಹಾಕಲ್ಲ."

ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಗೌರಮ್ಮ ಕಿಟಕಿಯಾಚೆ ನೋಡಿದಳು. ಎದುರಿಗೇ ಅವಳ ಮನೆ. ಖಾಲಿ ಮನೆ, ಗಟ್ಟಿ ಕಟ್ಟಡ. ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಬೆಳಗ್ಗೆ ಹಾಲು ತರುತ್ತೇನೆಂದು ಹೊರಟು, ಒಳಗಿನಿಂದ ಚಿಲಕ ಹಾಕಿಕೊಂಡು ಮಲಗಿಬಿಡಬೇಕು. ಎಬ್ಬಿಸಲು ಗಂಡ ಬರುವಂತಿಲ್ಲ.

"ಗೌರಮ್ಮನವರೇ, ಉಪ್ಪು ಸ್ವಲ್ಪ ಕಡಿಮೆ ಇರ್ಲಿ" ಎಂದರು ಅನಂತಪದ್ಮನಾಭ.

"ಆಗ್ಲಿ ಸಾರ್" ಎಂದಳು ಗೌರಮ್ಮ.