ಬಚ್ಚಲಿಗೆ ಚಿಲಕವಿಲ್ಲ

ನಮ್ಮ ಸೋದರಮಾವನ ಮನೆಗೆ ಕನ್ನ ಹಾಕಬೇಕೆನ್ನುವ ಕಳ್ಳ ಬುತ್ತಿ ಕಟ್ಟಿಕೊಂಡು ಬರುವುದು ಒಳ್ಳೆಯದು! ಹುಕ್ಕೇರಿಯ ಆ ಮನೆಯ ಮುಂಬಾಗಿಲಿಗೆ ನಾಲ್ಕು ಬೀಗಗಳು. ಒಂದು ಎಲ್ಲರ ಮನೆಯಲ್ಲಿರುವಂತೆ ಎದೆಮಟ್ಟಕ್ಕೆ, ಇನ್ನೊಂದು ತಲೆಗಿಂತ ಮೇಲೆ, ಉಳಿದೆರಡು ಮೊಣಕಾಲಿನ ಕೆಳಗೆ.

"ಇಷ್ಟ ಕೆಳಗ ಯಾಕ ಮಾಮಾ?" ಎಂದು ಕೇಳಿದ್ದೆ.

"ಕಳ್ಳ ಅಂದ್ರ ನಿಂತು ಕೆಲಸಾ ಮಾಡಾಂವ, ತಂಗಿ. ಅವನ್ನ ಕುಂದರಸಬೇಕು. ಕುಂತಾಂವಗ ಲಗೂನ ಓಡಾಕ ಆಗೂದಿಲ್ಲ."

ಈ ಸಿದ್ಧಾಂತದ ಮೊದಲ ಪರೀಕ್ಷೆ ಮಾಮಾನ ಮೇಲೆಯೇ ಆಯಿತು. ಎಪ್ಪತ್ತು ದಾಟಿದ ಮಂಡಿಗಳು! ಬೀಗ ತೆಗೆಯಲು ಕೂತವರು ಏಳಲಾರದೆ, ಹಾಲಿನವನು ಬರುವವರೆಗೆ ಹೊಸ್ತಿಲ ಮುಂದೆಯೇ ಉಳಿದರು. ಅವನು ರಟ್ಟೆ ಹಿಡಿದು ಎಬ್ಬಿಸಿದಾಗ, "ನೋಡಿದ್ಯಾ, ನಾನ ಸಿಕ್ಕೊಂಡ್ನಿ ಅಂದ್ರ ಕಳ್ಳನ ಗತಿ ಏನು?" ಎಂದು ಹೆಮ್ಮೆಪಟ್ಟರಂತೆ.

ಮೂಡಲಗಿಯಲ್ಲಿ ನಾವು ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಬಂದವರೆಲ್ಲ ಅಡಿಗೆಮನೆಯ ಕಟ್ಟೆ ನೋಡಿದರು, ನಳ ತಿರುಗಿಸಿದರು. ಮಾಮಾ ಮಾತ್ರ ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು ಬಾಗಿಲುಗಳ ತಪಾಸಣೆಗಿಳಿದರು. ದೇವರ ಮನೆಯಲ್ಲಿ ಅಯ್ಯನವರ ಪಾದಪೂಜೆಗೆ ಸಿದ್ಧತೆ ನಡೆದಿತ್ತು. ಚಿಲಕ ಸರಿಯಾಗಿ ಬೀಳುತ್ತದೆಯೋ ಇಲ್ಲವೋ ನೋಡಲು ಮಾಮಾ ಹೊರಗಿನಿಂದ ಹಾಕಿಯೇ ಬಿಟ್ಟರು. ಒಳಗಿದ್ದ ಅಯ್ಯನವರು ಬಾಗಿಲು ಬಡಿದರು, ಕೂಗಿದರು. ಅದೇ ಬಾಗಿಲಿನ ತಿರುಪು ಬಿಗಿ ಮಾಡುತ್ತಿದ್ದ ಮಾಮಾ ತಲೆ ಎತ್ತಲೇ ಇಲ್ಲ! ನಾವೇ ಓಡಿ ಹೋಗಿ ತೆಗೆದೆವು. ಕೆಲಸಕ್ಕೆ ಕೂತರೆ ಇವರಿಗೆ ಲೋಕವೇ ಬೇಡ ಎಂದು ಹೋಳಿಗೆ ಬಡಿಸುವಾಗಲೂ ನಕ್ಕೆವು. ಮಾಮಾನೂ ನಮ್ಮ ಜೊತೆ ನಕ್ಕರು.

ಈ ಸಲ ಮಾಮಾ, ಅತ್ತೆಯನ್ನು ನೋಡಲು ಹುಕ್ಕೇರಿಗೆ ಹೋದಾಗ ಹೊಸ ಸುದ್ದಿ ಕಾದಿತ್ತು. ಮಾಮಾ ಗೋಕಾಕದ ಪೇಟೆಯಿಂದ ಅಲಾರಾಂ ತಂದಿದ್ದರು. ಅದರ ಗಂಟೆ ಎಲ್ಲಿ ಕೂಡಿಸಿದ್ದರು ಗೊತ್ತೇ? ಹಿತ್ತಲಿಗೆ ಹೊಂದಿಕೊಂಡ ಬಾಜೂ ಮನೆಯ ರಜಿಯಾಳ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ!

"ಮಾಮಾ, ಕಳ್ಳ ನಿಮ್ಮನಿಗೆ ಬಂದ್ರ ಗಂಟಿ ಅವರ ಮನ್ಯಾಗ ಬಡೀತೈತೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಹೌದವಾ. ಕಳ್ಳಗ ಸುಳಿವು ಸಿಗಬಾರದು," ಎಂದರು ಗಂಭೀರವಾಗಿ.

ಸ್ನಾನಕ್ಕೆ ಹೋದೆ. ಬಚ್ಚಲ ಬಾಗಿಲಿಗೆ ಒಳಗಿನ ಚಿಲಕವೇ ಇಲ್ಲ! ತಿರುಪಿನ ನಾಲ್ಕು ತೂತುಗಳು ಮಾತ್ರ ಉಳಿದಿದ್ದವು. ಮುಂಬಾಗಿಲಿಗೆ ನಾಲ್ಕು ಬೀಗ ಜಡಿದ ಮನುಷ್ಯ ಬಚ್ಚಲನ್ನು ಹೀಗೆ ಬಿಡುವುದೇ? ಒಳಗೆ, ನೆಲದಿಂದ ಒಂದೇ ಗೇಣು ಮೇಲೆ, ಗೋಡೆಗೆ ಒಂದು ಕೆಂಪು ಗುಂಡಿ. ಬಕೆಟ್ಟು ಕದಿಯಲು ಬರುವ ಕಳ್ಳನಿಗೆಂದು ಇಟ್ಟಿರಬಹುದೇ? ಕುತೂಹಲ ತಡೆಯಲಾಗದೆ ಕೂತು ಒತ್ತಿದೆ. ಏನೂ ಸದ್ದಾಗಲಿಲ್ಲ.

ಅರೆನಿಮಿಷವೂ ಆಗಿರಲಿಕ್ಕಿಲ್ಲ, ಬಾಗಿಲು ಧಡಾರನೆ ತೆರೆಯಿತು. ಕೊರಳಲ್ಲಿ ಅಳತೆಯ ಟೇಪು ಜೋತುಬಿದ್ದ ರಜಿಯಾ! ಬರಿಗಾಲಲ್ಲಿ ಓಡಿ ಬಂದಿದ್ದಳು.

"ಅವ್ವಾರ! ಬಿದ್ರೇನ್ರಿ?"

ಅತ್ತೆಯ ಬದಲು, ಸೀರೆ ಸುತ್ತಿಕೊಂಡೇ ಕೂತಿದ್ದ ನನ್ನನ್ನು ಕಂಡು ಗೋಡೆಗೊರಗಿ ನಿಂತಳು. ಅವಳ ಹಿಂದೆ ಹಿತ್ತಲ ಬಾಗಿಲು ಹಾರುಹೊಡೆದಿತ್ತು. ಅದಕ್ಕೂ ಚಿಲಕವಿರಲಿಲ್ಲ. ಪಡಸಾಲೆಯಲ್ಲಿ, ಬಚ್ಚಲಿಗೆ ಹತ್ತು ಹೆಜ್ಜೆ ದೂರದಲ್ಲಿ, ಮಾಮಾ ನಮಗೆ ಬೆನ್ನು ಮಾಡಿ ಪೇಪರ್ ಓದುತ್ತಿದ್ದರು. ಇಷ್ಟೆಲ್ಲ ಆದರೂ ತಿರುಗಿ ನೋಡಿರಲಿಲ್ಲ.

"ಏನಿದು, ರಜಿಯಾ?"

"ಶ್ರಾವಣದಾಗ ಅವ್ವಾರು ಇಲ್ಲೇ ಜಾರಿ ಬಿದ್ದಿದ್ರರಿ, ಅಕ್ಕಾರ. ಮಗಾ ಸೊಸಿ ಇಬ್ಬರೂ ನಿಡಸೋಸಿ ಕಾಲೇಜಿಗೆ ಕಲಸಾಕ ಹೋಗಿದ್ರು. ಒಳಗ ಚಿಲಕ. ಅವ್ವಾರು ಒದರೇ ಒದರ್‍ಯಾರ. ಮಾಮಾರು ಅದ ಕುರ್ಚಿ ಮ್ಯಾಲ ಹಿಂಗ ಪೇಪರ್ ಓದಕೋಂತ ಕುಂತಿದ್ರು. ನನಗ ಕೇಳಿ ಬಂದು ಬಾಗಲಾ ಮುರದ್ನಿ."

"ಮಾಮಾಗ ಕೇಳಸಲಿಲ್ಲಾ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರಿಗೆ ಕೇಳಸೂದ ನಿಂತು ಭಾಳ ದಿನಾ ಆಗೇತ್ರಿ. ಎದುರಿಗೆ ನಿಂತ್ರ ತುಟಿ ನೋಡಿ ತಿಳಕೋತಾರ. ಯಾರಿಗೂ ಹೇಳಬ್ಯಾಡ ಅಂತ ಕೈ ಮುಗದಾರ. ಅವತ್ತ ಸಂಜೀಕ ತಮ್ಮ ಕೈಯಾರೆ ಎರಡೂ ಚಿಲಕಾ ಕಿತ್ತು ಒಗದ್ರು."

ನನಗೆ ಮೂಡಲಗಿಯ ದೇವರ ಮನೆ ನೆನಪಾಯಿತು. ಒಳಗೆ ಕೂಗುತ್ತಿದ್ದ ಅಯ್ಯನವರು, ಹೊರಗೆ ತಿರುಪು ಬಿಗಿ ಮಾಡುತ್ತಿದ್ದ ಮಾಮಾ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ನಾನು. ನಾಚಿಕೆಯಾಯಿತು. ಕಳ್ಳರ ಹುಚ್ಚು ಹಿಡಿದವನೆಂದು ಊರೆಲ್ಲ ನಗಲಿ ಎಂದು ಬಿಟ್ಟು, ಹೆಂಡತಿಯ ಕೂಗು ತನಗೆ ತಲುಪದಿದ್ದರೂ ತಲುಪಬೇಕಾದವರಿಗೆ ತಲುಪುವ ದಾರಿಯೊಂದನ್ನು ಅವರು ಮಾಡಿಟ್ಟಿದ್ದರು. ಅತ್ತೆ ಮುಂದಿನ ಕಟ್ಟೆಯ ಮೇಲೆ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದರು, ಕ್ಷೇಮವಾಗಿ.

ಹೊರಡುವಾಗ ಮಾಮಾ ಬಸ್ ನಿಲ್ದಾಣದವರೆಗೂ ಬಂದರು. ಎಂದಿನ ಪ್ರಶ್ನೆ: "ಮನಿಗೆ ಕೀಲಿ ಬರೋಬ್ಬರಿ ಹಾಕ್ಕೊಂಡ ಬಂದೀಯಿಲ್ಲೋ?"

ಅವರಿಗೆ ಕಾಣುವಂತೆ ಎದುರಿಗೆ ಬಂದು ನಿಂತೆ. "ಹಾಕ್ಕೊಂಡ ಬಂದೇನಿ, ಮಾಮಾ," ಎನ್ನಹೋದೆ. ದುಃಖ ಒತ್ತರಿಸಿ ಬಂತು. ತುಟಿಗಳು ಆಡಿದವು, ದನಿ ಮಾತ್ರ ಹೊರಡಲಿಲ್ಲ.

ಮಾಮಾ ಒಮ್ಮೆ ಸುತ್ತ ನೋಡಿ ನನ್ನನ್ನು ಗದರಿಸಿದರು. "ಮಂದಿ ಮುಂದ ಹಂಗ್ಯಾಕ ಒದರತೀ? ನನಗ ಕೇಳಸ್ತೈತಿ."