ಎದುರುಮನೆಯ ಹೂವು, ನಮ್ಮ ಮನೆಯ ಹೊಟ್ಟೆಯುರಿ

ಎಲ್ಲರ ಮನೆ ಮುಂದೆ ಗಿಡ ಬೆಳೆಯುತ್ತದೆ; ನಮ್ಮ ಮನೆ ಮುಂದೆ ಮಾತ್ರ ಪ್ರಸಂಗ ಬೆಳೆಯುತ್ತದೆ. ನೀರು ಬೇಡ, ಗೊಬ್ಬರ ಬೇಡ, ವರ್ಷಕ್ಕೆ ಎರಡು ಬೆಳೆ ಗ್ಯಾರಂಟಿ.

ಮೊದಲು ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಹೇಳುವವರು ಬೇರೆ ಯಾರೂ ಇಲ್ಲ. ನಾನು ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಮೂವತ್ತು ವರ್ಷದಿಂದ ದಲಾಲಿ. ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಒಂದು ಹಿಡಿ ಹತ್ತಿ ಕೊಡಿ. ಅದು ದೇವನಕೊಂಡದ ಹೊಲದ್ದೋ ಗೋನೆಗಂಡ್ಲದ್ದೋ, ಬಿಡಿಸಿದ ಹೆಣ್ಣುಮಗಳು ಆವತ್ತು ಊಟ ಮಾಡಿದ್ದಳೋ ಇಲ್ಲವೋ, ಎಲ್ಲ ಹೇಳುತ್ತೇನೆ. ಇಂಥ ನಾನು ಖುದ್ದಾಗಿ ನಿಂತು ಮನೆ ಕಟ್ಟಿಸಿದೆ. ಎರಡಂತಸ್ತು, ಕೆತ್ತನೆ ಬಾಗಿಲು, ಸ್ಟೀಲಿನ ಗೇಟು. ಗೇಟಿಗೂ ಚರಂಡಿಗೂ ನಡುವೆ ಹತ್ತು ಅಡಿ ಜಾಗ ಬಿಟ್ಟೆ.

ಆ ಹತ್ತು ಅಡಿಯೇ ನನಗೆ ಶತ್ರುವಾಯಿತು. ಯಾಕೆಂದರೆ ಎದುರುಮನೆಯವರೂ ಅಷ್ಟೇ ಜಾಗ ಬಿಟ್ಟಿದ್ದರು. ಯಜಮಾನರದು ರೈಲ್ವೆಯಲ್ಲಿ ಕೆಲಸ, ಅವರ ಹೆಂಡತಿಗೆ ಗಿಡದ ಹುಚ್ಚು. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಆಕೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಹಿಡಿದಿಟ್ಟು ಮಲ್ಲಿಗೆ ಹಬ್ಬಿಸಿದಳು, ದಾಸವಾಳ ಬೆಳೆಸಿದಳು, ಗೇಟಿನ ಮೇಲೆ ಕಮಾನಿನಂತೆ ಬೋಗನ್‌ವಿಲ್ಲಾ ಎಂಬ ಕಾಗದದ ಹೂವಿನ ಬಳ್ಳಿ ಏರಿಸಿದಳು. ಸ್ಟೇಷನ್ನಿನಲ್ಲಿ ಆಟೋ ಹತ್ತಿ ನಮ್ಮ ಮನೆ ಅಡ್ರೆಸ್ ಹೇಳಿದರೆ, "ಪೂಲ ಇಂಟಿ ಎದುರಾ ಅಣ್ಣಾ?" ಎನ್ನುತ್ತಾನೆ ಡ್ರೈವರು. ಹೂವಿನ ಮನೆ ಎದುರಿಗಾ, ಅಂತ. ಎರಡಂತಸ್ತಿನ ಮನೆಯ ಯಜಮಾನ ನಾನು ಬರೀ 'ಎದುರಿಗೆ' ಆಗಿಬಿಟ್ಟೆ!

ಬಂದವರೆಲ್ಲ ನಮ್ಮ ಮನೆಗೆ ಬೆನ್ನು ಹಾಕಿ ಆ ಮನೆ ನೋಡುವವರೇ. ನನ್ನ ಆಸೆ ದೊಡ್ಡದಲ್ಲ. ಸಾಯುವುದರೊಳಗೆ ಒಬ್ಬರಾದರೂ, ಒಂದೇ ಒಂದು ಸಲ, ನಮ್ಮ ಮನೆ ಮುಂದೆ ನಿಂತು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಅಷ್ಟೇ.

೧. ಬೀಗರ ಸ್ವಾಗತ

ಮಗಳ ಮದುವೆ ಆದಾಗ ನಾವಿನ್ನೂ ಬಾಡಿಗೆ ಮನೆಯಲ್ಲಿದ್ದೆವು. ಹಾಗಾಗಿ ಬೀಗರು ಹೊಸ ಮನೆ ನೋಡಿರಲಿಲ್ಲ. ಗೋನೆಗಂಡ್ಲದಿಂದ ಬರುತ್ತೇವೆಂದು ಫೋನ್ ಮಾಡಿದರು. ನಾನು ಇಸ್ತ್ರಿ ಅಂಗಿ ತೊಟ್ಟು ಒಳಗೆ ಕುಳಿತೆ. ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು. ಬೀಗರಿಲ್ಲ.

ಬಾಗಿಲಿಗೆ ಬಂದು ನೋಡುತ್ತೇನೆ, ಎದುರುಮನೆ ಬಳ್ಳಿಯ ನೆರಳಲ್ಲಿ ಕುರ್ಚಿ ಹಾಕಿಕೊಂಡು ಬೀಗರು ಗಂಡಹೆಂಡತಿ ಟೀ ಕುಡಿಯುತ್ತಿದ್ದಾರೆ! ಆಟೋ ಇಳಿದು ಎರಡೂ ಮನೆ ನೋಡಿದರಂತೆ. ನಮ್ಮ ಬೀಗರು ದೊಡ್ಡ ದಲಾಲಿ, ಈ ಚೆಂದದ ಮನೆಯೇ ಅವರದು ಎಂದು ಸೀದಾ ಒಳಗೆ ನಡೆದರಂತೆ. ಎದುರುಮನೆಯಾಕೆಯನ್ನು ನನ್ನ ಹೆಂಡತಿಯ ತಂಗಿ ಎಂದುಕೊಂಡರಂತೆ. ಆಕೆಯೋ, ಗಿಡ ನೋಡಲು ಬಂದವರಿಗೆಲ್ಲ ಟೀ ಕೊಡುವವಳು, ಇವರಿಗೂ ಕೊಟ್ಟಳು.

ನಾನು ಅವಸರದಲ್ಲಿ ರಸ್ತೆ ದಾಟಿ ಅವರ ಗೇಟಿನ ಹೊರಗೆ ನಿಂತು, "ಬೀಗರೇ!" ಎಂದೆ.

ಬೀಗರು ಲೋಟ ಕೆಳಗಿಡಲೂ ಇಲ್ಲ. ಮುಖ ತುಂಬ ನಕ್ಕು ಕೈ ಮಾಡಿ ಕರೆದರು: "ಬರ್ರಿ ಬೀಗರ, ಒಳಗ ಬರ್ರಿ! ನಿಮ್ಮ ಮನಿಗೆ ನಾವು ಕರೀಬೇಕೇನ್ರಿ?"

೨. ಫಾರಿನ್ ಹುಲ್ಲು

ಆವತ್ತೇ ತೀರ್ಮಾನಿಸಿದೆ, ನಮ್ಮ ಮನೆ ಮುಂದೆ ಹುಲ್ಲಿನ ಹಾಸಿಗೆ ಆಗಬೇಕು. ನಮ್ಮ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ, ಮಳೆಯಲ್ಲಿ ಚಪ್ಪಲಿ ನುಂಗುತ್ತದೆ. ಅದಕ್ಕೆ ಗೊಬ್ಬರ ಬೇಕು. ನನಗೆ ಗೊಬ್ಬರಕ್ಕೇನು ಬರ? ಗುರುತಿನ ಜಿನ್ನಿಂಗ್ ಮಿಲ್ಲಿಗೆ ಹೋಗಿ, ಹಿತ್ತಲಲ್ಲಿ ಗುಡ್ಡೆ ಬಿದ್ದಿದ್ದ ಕಸವನ್ನೆಲ್ಲ ಒಂದು ಟ್ರ್ಯಾಕ್ಟರ್ ತುಂಬಿಸಿ ತಂದು ಹಾಸಿದೆ. ಅದರ ಮೇಲೆ ಹುಲ್ಲಿನ ಬೀಜ ಚೆಲ್ಲಿದೆ.

ಮಳೆ ಬಿತ್ತು. ವಾರದಲ್ಲಿ ಎಲ್ಲ ಹಸಿರು! ಆದರೆ ಹುಲ್ಲಿನ ಎಲೆ ಯಾಕೋ ಅಗಲ. ಎದುರುಮನೆಯಾಕೆ ಬಂದು ಬಗ್ಗಿ ನೋಡಿದಳು.

"ಅಣ್ಣಾ, ಇದು ಯಾವ ಹುಲ್ಲು?"

"ಫಾರಿನ್ ಹುಲ್ಲಮ್ಮ. ನಿಮಗ ತಿಳಿಯಂಗಿಲ್ಲ."

ಆಕೆ ಏನೋ ಹೇಳಲು ಹೋಗಿ, ಸೆರಗು ಬಾಯಿಗಿಟ್ಟುಕೊಂಡು ಹೊರಟಳು. ಮರುದಿನ ಬೈಕಿನಲ್ಲಿ ಹೋಗುತ್ತಿದ್ದ ರೈತನೊಬ್ಬ ನಿಲ್ಲಿಸಿ ಕೂಗಿದ: "ಏನ್ ಸಾವ್ಕಾರ, ಹತ್ತಿ ಹಿಂಗ ಒತ್ತಾಗಿ ಹಾಕ್ತಾರೇನು? ಸಾಲಿಗೆ ಮೂರು ಫೂಟು ಬಿಡಬೇಕಲ್ಲ!"

ಹತ್ತಿ! ಮಿಲ್ಲಿನ ಕಸದಲ್ಲಿದ್ದ ಹತ್ತಿ ಬೀಜವೆಲ್ಲ ಮೊಳೆತಿತ್ತು. ನಗಬೇಡಿ. ನಾನು ಹತ್ತಿಯನ್ನು ಚೀಲದಿಂದ ಈಚೆಗೆ ಬಲ್ಲವನು. ಮೊಳಕೆಯಲ್ಲಿ ನನಗೂ ಅದಕ್ಕೂ ಪರಿಚಯವಿರಲಿಲ್ಲ. ಕೀಳಲು ಹೋದರೆ ಸೋತಂತೆ. ಬೇಕೆಂದೇ ಹಾಕಿದ್ದು ಎಂದು ಸಾರಿ, ಬೆಳೆಯಲು ಬಿಟ್ಟೆ. ಎದೆಯುದ್ದ ಬೆಳೆಯಿತು. ಗೇಟು ಮುಚ್ಚಿತು, ಕಿಟಕಿ ಮುಚ್ಚಿತು. ಪೋಸ್ಟಿನವನು ಕಾಗದ ಹಾಕಲು ದಾರಿ ಸಿಗದೆ ಎದುರುಮನೆಗೆ ಕೊಟ್ಟು ಹೋಗತೊಡಗಿದ.

ಕಾಯಿ ಒಡೆದು ಬೆಳ್ಳಗಾದಾಗ ಮಾರ್ಕೆಟ್ಟಿನ ಗೆಳೆಯರು ಗುಂಪಾಗಿ ನೋಡಲು ಬಂದರು. ನನಗಿಂತ ಹಿರಿಯ ದಲಾಲಿಯೊಬ್ಬರು ಒಂದು ತೊಳೆ ಬಿಡಿಸಿ, ಎಳೆದು, ಉಜ್ಜಿ, ಮನೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು:

"ಬೆಳಿ ಚೊಲೋ ಐತಿ ಬಿಡಪ್ಪ. ಆದ್ರ ಇಂಥಾ ಹೊಲದ ನಡುವ ಮನಿ ಕಟ್ಟಿ ಯಾಕ ಕೆಡಿಸಿದಿ?"

೩. ಗಿಡದ ಜೊತೆ ಮಾತು

ಹತ್ತಿ ಕಿತ್ತಾಯಿತು. ಮಾನ ಬಿಟ್ಟು ಎದುರುಮನೆಯಾಕೆಯನ್ನೇ ಕೇಳಿದೆ. "ನಿಮ್ಮ ಕೈಯಾಗ ಏನ್ ಮಂತ್ರ ಐತಮ್ಮ? ನಮ್ಮ ಮಣ್ಣು, ನಿಮ್ಮ ಮಣ್ಣು ಒಂದೇ ಅಲ್ಲೇನು?"

"ಮಂತ್ರ ಏನಿಲ್ಲಣ್ಣಾ. ಮುಂಜಾನೆ ನೀರು ಹಾಕುವಾಗ ನಾನು ಗಿಡದ ಜೋಡಿ ಮಾತಾಡ್ತೀನಿ. ಅವಕ್ಕೂ ಖುಷಿ ಆಗ್ತೈತಿ."

ಅಷ್ಟೇನಾ? ಮಾತಿನಲ್ಲಿ ನನ್ನನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲಿ ಇಲ್ಲ. ಒಂದು ದಾಸವಾಳ ತಂದು ನೆಟ್ಟೆ. ದಿನಾ ಬೆಳಿಗ್ಗೆ ಕುರ್ಚಿ ಹಾಕಿಕೊಂಡು ಎದುರು ಕುಳಿತು ಅರ್ಧ ಗಂಟೆ ಮಾತಾಡಿದೆ. ಮೂರನೇ ದಿನ ಎಲೆ ಹಳದಿಯಾಯಿತು. ಆರನೇ ದಿನ ಉದುರಿತು. ಎಂಟನೇ ದಿನ ಕಡ್ಡಿ ನಿಂತಿತ್ತು.

"ಮಾತಾಡೋದು ಬರೀ ಸುಳ್ಳು!" ಎಂದು ಕೂಗಾಡಿದೆ.

ಅಡುಗೆಮನೆ ಕಿಟಕಿಯಿಂದ ಎಂಟು ದಿನವೂ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಹೊರಗೆ ಬಂದಳು. "ನೀವು ಅದಕ್ಕ ಏನಂದ್ರಿ, ನೆನಪೈತೇನು? 'ಬಣ್ಣ ಇಲ್ಲ, ಎಳಿ ಗಿಡ್ಡ, ಹಸಿ ಬಾಳ ಐತಿ, ಕಸ ಬಾಳ ಐತಿ, ಇಂಥಾದ್ದು ನನ್ನ ಹತ್ರ ತರಬ್ಯಾಡ' ಅಂದ್ರಿ!"

ಏನು ಮಾಡಲಿ? ಮಾಲು ಮುಂದಿದ್ದರೆ ದಲಾಲಿಯ ಬಾಯಲ್ಲಿ ಹೊಗಳಿಕೆ ಬರುವುದಿಲ್ಲ. ಹೊಗಳಿದರೆ ರೇಟು ಏರುತ್ತದಲ್ಲ!

"ಇರ್ಲಿ ಬಿಡ್ರಿ," ಎಂದು ಹೆಂಡತಿ ಒಣ ಕಡ್ಡಿ ಕಿತ್ತು ಒಲೆಗೆ ಎತ್ತಿಕೊಂಡಳು. "ಮೂವತ್ತು ವರ್ಷ ನನ್ನ ಜೋಡಿನೂ ಹಿಂಗ ಮಾತಾಡೀರಿ. ನನಗ ರೂಢಿ ಆಗೈತಿ. ಪಾಪ, ಗಿಡ ಹೊಸದು."

೪. ಬಾಡದ ಹೂವು

ಆಮೇಲೆ ನಾನು ಮಾಡಿದ್ದು ಸ್ವಲ್ಪ ನಾಚಿಕೆಯ ಕೆಲಸ. ಪ್ಲಾಸ್ಟಿಕ್ ಗಿಡ ತಂದೆ. ಹನ್ನೆರಡು ಕುಂಡ, ಮೇಲೆ ನಿಜವಾದ ಮಣ್ಣು. ದೂರದಿಂದ ನೋಡಿದರೆ ದೇವರಾಣೆಗೂ ತಿಳಿಯುತ್ತಿರಲಿಲ್ಲ. ಜನ ನೋಡಲಿ ಎಂದು ದಿನಾ ಚೊಂಬು ಹಿಡಿದು ನೀರು ಹಾಕಿದಂತೆ ಅಭಿನಯಿಸುತ್ತಿದ್ದೆ. ಎದುರುಮನೆಯಾಕೆ ಪೂಜೆಗೆ ತನ್ನಲ್ಲಿಲ್ಲದ ಬಣ್ಣದ ಹೂವು ಕೇಳಿದರೆ, "ಇವತ್ತು ಕೀಳಂಗಿಲ್ಲಮ್ಮ, ನಮ್ಮಲ್ಲಿ ಶಾಸ್ತ್ರ" ಎನ್ನುತ್ತಿದ್ದೆ. ಶಾಸ್ತ್ರ ವಾರದ ಏಳೂ ದಿನ ಇತ್ತು.

ದೇವನಕೊಂಡದಲ್ಲಿ ನೆಂಟರ ಮದುವೆ, ನಾಲ್ಕು ದಿನ ಹೋದೆವು. ವಾಪಸ್ ಬಂದರೆ ಆಕೆ ಗೇಟಿನಲ್ಲೇ ಕಾದಿದ್ದಳು.

"ಅಣ್ಣಾ, ನೀವಿಲ್ಲ ಅಂತ ನಾನೇ ನೋಡಿಕೊಂಡೀನಿ. ಒಂದು ಎಲೀನೂ ಬಾಡಿಲ್ಲ ನೋಡ್ರಿ."

"ನಿಮ್ಮ ಕೈಗುಣ ಅಮ್ಮ," ಎಂದೆ.

"ಬಾಳ ಧೂಳು ಕುಂತಿತ್ತು. ಅದಕ್ಕ ಎಲ್ಲಾ ಗಿಡ ಕಿತ್ತು, ಸೋಪಿನ ನೀರಾಗ ತೊಳದು, ಹಗ್ಗದ ಮ್ಯಾಲ ಒಣಗಹಾಕಿ, ಮತ್ತ ಚುಚ್ಚಿಟ್ಟೀನಿ."

೫. ಕಾಲಡಿಯ ಮಣ್ಣು

ಪ್ಲಾಸ್ಟಿಕ್ ಗಿಡ, ಕುಂಡ ಎಲ್ಲ ಅಟ್ಟ ಸೇರಿದವು. ಈ ಸಲದ ಬೇಸಿಗೆಯಲ್ಲಿ ಎದುರುಮನೆಯ ಮಲ್ಲಿಗೆ ಮುದುಡತೊಡಗಿತು. ಎಲೆ ಸುರುಳಿಯಾಯಿತು, ಮೊಗ್ಗು ಕಪ್ಪಾಯಿತು. ನಾನು ಬಹಳ ಬೇಜಾರಾದಂತೆ ಮುಖ ಮಾಡಿಕೊಂಡೆ. ಮುಖ ಸರಿಯಾಗಿ ಬರಲಿಲ್ಲ.

ಆಕೆಯ ಅತ್ತೆ ಎಮ್ಮಿಗನೂರಿನಿಂದ ಬಂದಿದ್ದರು. ಗಿಡ ನೋಡಿದರು, ಆಮೇಲೆ ರಸ್ತೆಯಾಚೆ ನನ್ನ ಕಡೆ ನೋಡಿದರು. "ಇದು ಹುಳ ಅಲ್ಲ. ದಿಷ್ಟಿ!"

ನಮ್ಮ ಕಡೆ ದಿಷ್ಟಿ ತೆಗೆಯುವ ಕ್ರಮ ಗೊತ್ತಲ್ಲ? ಉಪ್ಪು, ಒಣ ಮೆಣಸಿನಕಾಯಿ, ಅದರ ಜೊತೆ ಕಣ್ಣು ಹಾಕಿದವರ ಕಾಲಡಿಯ ಮಣ್ಣು ಒಂದು ಚಿಟಿಕೆ. ಇಳಿ ತೆಗೆದು ಕೆಂಡಕ್ಕೆ ಹಾಕಬೇಕು. ಘಾಟು ಬಂದರೆ ದಿಷ್ಟಿ ಇಲ್ಲ. ಎಷ್ಟು ಸುಟ್ಟರೂ ಘಾಟು ಬರದಿದ್ದರೆ ಭಾರೀ ದಿಷ್ಟಿ.

ಸಂಜೆ ಎದುರುಮನೆಯಾಕೆ ಬಂದು ಗೇಟಿನ ಹತ್ತಿರ ನುಲಿದಾಡಿದಳು. "ಅಣ್ಣಾ, ಒಂಚೂರು ಇಲ್ಲಿ ನಿಲ್ತೀರಾ?"

ಸಲಹೆ ಕೇಳಲು ಬಂದಿದ್ದಾಳೆಂದು ನಾನು ಎದೆಯುಬ್ಬಿಸಿ ನಿಂತೆ. ಹಿಂದಿನಿಂದ ನನ್ನ ಹೆಂಡತಿ, "ಎಡಗಾಲು ಎತ್ರಿ," ಎಂದಳು. ಎತ್ತಿದೆ. ಇಬ್ಬರೂ ಸೇರಿ ಮಣ್ಣು ಬಾಚಿಕೊಂಡು ಹೋದರು. ನನ್ನ ಸ್ವಂತ ಹೆಂಡತಿ!

ಓಣಿಯವರೆಲ್ಲ ಮೂಗಿಗೆ ಬಟ್ಟೆ ಹಿಡಿದು ನಿಂತರು. ಎಮ್ಮಿಗನೂರಿನ ಅಜ್ಜಿ ಮಲ್ಲಿಗೆಗೆ ಮೂರು ಸುತ್ತು ಇಳಿ ತೆಗೆದು ಕೆಂಡಕ್ಕೆ ಹಾಕಿದರು. ಘಾಟಿಲ್ಲ. ಇನ್ನೊಂದು ಹಿಡಿ ಮೆಣಸಿನಕಾಯಿ ಹಾಕಿದರು. ಒಂದು ಸೀನೂ ಇಲ್ಲ. ಮೂರನೇ ಹಿಡಿಗೆ ಅಜ್ಜಿ ಕೈಮುಗಿದುಬಿಟ್ಟರು: "ಯಪ್ಪಾ, ಎಂಥಾ ಕಣ್ಣೋ!"

ವಾರದಲ್ಲಿ ಮಲ್ಲಿಗೆ ಚಿಗುರಿತು. ಆಕೆ ಬೇವಿನೆಣ್ಣೆಯನ್ನೂ ಹೊಡೆದಿದ್ದಳು, ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ನನ್ನ ಹೆಸರು ಊರು ದಾಟಿತು. ಹಾಲು ಬತ್ತಿದ ಎಮ್ಮೆಯವರು ಬಂದರು, ಹೊಸ ಟ್ರ್ಯಾಕ್ಟರಿನವರು ಬಂದರು. ಯಾರ ಕಣ್ಣು ಬಿದ್ದಿದೆ ಎಂದು ಗೊತ್ತಿಲ್ಲದವರೆಲ್ಲ, ದೊಡ್ಡ ಕಣ್ಣಿನವನ ಮಣ್ಣಿದ್ದರೆ ಸಣ್ಣ ಕಣ್ಣಿನ ದಿಷ್ಟಿಯೆಲ್ಲ ಅದರಲ್ಲೇ ಇಳಿಯುತ್ತದೆ ಎಂದು ನಮ್ಮ ಗೇಟಿನ ಮುಂದೆಯೇ ಕೂತು ಬಾಚಿದರು. ಒಬ್ಬ ಆಟೋದವನು, "ಚಾಚಾ, ಹೊಸಾ ಗಾಡಿ, ಅಡ್ವಾನ್ಸಾಗಿ ಒಯ್ತೀನಿ" ಎಂದು ಡಬ್ಬಿ ತುಂಬಿಕೊಂಡ. ನಾನೂ ಬಂದವರಿಗೆ ಕಾಲೆತ್ತಿ ಕಾಲೆತ್ತಿ ಕೊಕ್ಕರೆಯಾದೆ.

ಒಂದೂವರೆ ತಿಂಗಳಲ್ಲಿ ಹತ್ತು ಅಡಿ ಜಾಗದ ಎರೆಮಣ್ಣು, ಹತ್ತಿಕಟ್ಟಿಗೆ, ಗುಟ್ಕಾ ಚೀಟಿ, ಕಸಕಡ್ಡಿ ಎಲ್ಲ ಜನರ ಜೊತೆ ಹೋಯಿತು. ಕೆಳಗಿನ ಗಟ್ಟಿ ಗರಸು ನೆಲ ಕೆಂಪಗೆ, ನುಣ್ಣಗೆ ಹೊರಬಿತ್ತು. ನನ್ನ ಹೆಂಡತಿ ನೀರು ಚಿಮುಕಿಸಿ, ಅದರ ತುಂಬ ಬಿಳಿ ರಂಗೋಲಿ ಬಿಟ್ಟಳು.

ಆ ಬೆಳಿಗ್ಗೆ ಎದುರುಮನೆಯಾಕೆ ಕಸಬರಿಗೆ ಹಿಡಿದು ಹೊರಗೆ ಬಂದಳು. ಅವಳ ಅಂಗಳದ ತುಂಬ ಉದುರಿದ ಎಲೆ, ಉದುರಿದ ಹೂವು. ರಸ್ತೆ ದಾಟಿ ಬಂದು ನಮ್ಮ ಮನೆ ಮುಂದೆ ನಿಂತಳು. ನಿಂತಳು, ನಿಂತೇ ಇದ್ದಳು. ಬೆನ್ನು ಅವಳ ಮನೆ ಕಡೆ, ಮುಖ ನಮ್ಮ ಮನೆ ಕಡೆ!

"ಅಣ್ಣಾ, ಒಂದು ಕಡ್ಡಿ ಇಲ್ಲ! ನಾನು ದಿನಾ ಎರಡು ಸಲ ಗುಡಿಸ್ತೀನಿ, ಸೊಂಟ ಬಿದ್ದು ಹೋಗೈತಿ. ನಿಮ್ಮ ಅಂಗಳ ನೋಡಿದ್ರ ಹೊಟ್ಟಿ ಉರೀತೈತಿ ನೋಡ್ರಿ," ಎಂದು ದೊಡ್ಡ ನಿಟ್ಟುಸಿರು ಬಿಟ್ಟು ಹೋದಳು.

ನನ್ನ ಕಣ್ಣು ತುಂಬಿ ಬಂತು. ಆ ನಿಟ್ಟುಸಿರನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವ ಹಾಗಿದ್ದರೆ ಹಾಕಿಸುತ್ತಿದ್ದೆ. "ಕೇಳಿದೇನೇ?" ಎಂದು ತಿರುಗಿದರೆ, ಹೆಂಡತಿ ಆಗಲೇ ಮೊಣಕಾಲೂರಿ ಆಕೆ ನಿಂತ ಜಾಗವನ್ನು ಉಗುರಿನಿಂದ ಕೆರೆಯುತ್ತಿದ್ದಾಳೆ.

"ಏನ್ ಮಾಡಾಕತ್ತಿ?"

"ಈಗ ತಾನೇ ಕಣ್ಣು ಹಾಕಿ ಹೋದಳಲ್ರಿ! ದಿಷ್ಟಿ ತೆಗೀಬ್ಯಾಡೇನು? ಆದ್ರ ಮಣ್ಣು ಎಲ್ಲೈತ್ರಿ? ಒಂದು ಚಿಟಿಕೀನೂ ಉಳಿಸಿಲ್ಲ ನಿಮ್ಮ ಭಕ್ತರು! ಕಲ್ಲಿನಂಗ ಐತಿ, ಉಗುರು ಮುರೀತೈತಿ. ನನ್ನ ಮಾರಿ ಏನ್ ನೋಡ್ತೀರಿ, ಓಡ್ರಿ!"

ಕೈಗೆ ಸಿಕ್ಕ ಪೇಪರಿನ ಚೂರು ಹಿಡಿದು ರಸ್ತೆಯಾಚೆ ಓಡಿದೆ. ಹೂವಿನ ಕಮಾನಿನ ಕೆಳಗೆ ಆಕೆಯನ್ನು ತಡೆದು, ಜನ್ಮದಲ್ಲಿ ಯಾರಿಗೂ ಬಾಗದ ನಾನು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಗರ್ವದಿಂದ ಹೇಳಿದೆ:

"ತಂಗೆವ್ವಾ, ಎಡಗಾಲು ಒಂಚೂರು ಎತ್ತವ್ವ!"